ನುಣುಪೆಂಬ ನಿಬಂಧನೆ

ಟೇಬಲ್ ಟೆನಿಸ್ ಚೆಂಡೊಂದನ್ನು ಎರಡು ಹೋಳಾಗಿ ಕತ್ತರಿಸಿ, ಒಂದು ಹೋಳಿನ ಅಂಚನ್ನು ಬೆರಳುಗಳಿಂದ ಅದುಮಿದರೆ ಅದು ಸುಲಭವಾಗಿ ಅಂಡಾಕಾರಕ್ಕೆ ತಿರುಗುವುದು. ಇಡಿಯ ಚೆಂಡು ಹಾಗೆ ಮಣಿಯದು. ಇದು ಪದಾರ್ಥದ ಗಡಸುತನವಷ್ಟೇ ಅಲ್ಲ, ಆಕಾರದ ಗುಣವೂ ಹೌದು. ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಎಷ್ಟು ಬಗ್ಗಿಸಿದರೂ ಅದರ ಒಂದು ಬಗೆಯ ವಕ್ರತೆ ಬದಲಾಗದೆಂದು ಗೌಸ್ 1827ರಲ್ಲಿ ತೋರಿಸಿದರು. ಇಡಿಯ ಗೋಳವನ್ನಂತೂ ಹೀಗೆ ಬೇರೊಂದು ಆಕಾರಕ್ಕೆ ತರಲಾಗದೆಂದು 1899ರಲ್ಲಿ ಲೀಬ್‌ಮನ್ ಸಾಧಿಸಿದರು.

‘ಗೋಳವು ದೃಢ’ ಎಂದು ಎರಡೇ ಮಾತಿನಲ್ಲಿ ನಾವು ಈ ಪ್ರಮೇಯವನ್ನು ಮುಗಿಸಿಬಿಡುತ್ತೇವೆ. ‘ಮೇಲ್ಮೈ ಸಾಕಷ್ಟು ನುಣುಪಾಗಿರಲಿ’ ಎಂಬ ನಿಬಂಧನೆಯನ್ನು, ಲಗ್ನಪತ್ರಿಕೆಯ ಕೊನೆಯ ಉಪಚಾರದ ಸಾಲಿನಂತೆ, ಓದಿಯೂ ಓದದೆ ದಾಟುತ್ತೇವೆ. ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಈ ಚಾಳಿ ತುಸು ಹೆಚ್ಚೇ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಚೆಂಡನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ತಗ್ಗೊಂದು ಬೀಳುವುದು. ಗೋಳದ ನೆತ್ತಿಯ ಭಾಗವನ್ನು ಕನ್ನಡಿಯ ಬಿಂಬದಂತೆ ಒಳಮುಖವಾಗಿ ಮಗುಚಿದ ಹಾಗೆ. ಅದರ ಮೇಲೆ ಹರಿದಾಡುವ ಇರುವೆಗೆ ಯಾವ ದಾರಿಯ ಉದ್ದವೂ ಬದಲಾಗಿಲ್ಲ. ಆಕಾರ ಮಾತ್ರ ಬೇರೆ. ಹಾಗಾದರೆ ಪ್ರಮೇಯ ಸುಳ್ಳೆ? ಅಲ್ಲ. ತಗ್ಗಿನ ಸುತ್ತ ಒಂದು ಏಣು ಮೂಡಿದೆ, ನುಣುಪು ಕೆಟ್ಟಿದೆ.

ಏಣು ಇರದಿದ್ದರೆ ಸಾಕಲ್ಲವೆ ಎಂದು ವಾಚಕರು ಕೇಳಬಹುದು. ಸಾಲದು! ಬಿಂದುಬಿಂದುವಿನಲ್ಲಿಯೂ ಸ್ಪರ್ಶತಲವುಳ್ಳ, ಏಣೇ ಇಲ್ಲದ ಮೇಲ್ಮೈಯಾಗಿ ಗೋಳವನ್ನು ಎಷ್ಟು ಪುಟ್ಟ ಡಬ್ಬಿಯೊಳಗಾದರೂ ಅಡಗಿಸಬಹುದೆಂಬುದು ಜಾನ್ ನ್ಯಾಶ್ 1954ರಲ್ಲಿಯೂ ನಿಕೊಲಾಸ್ ಕೈಪರ್ 1955ರಲ್ಲಿಯೂ ಪ್ರಕಟಿಸಿದ ಪ್ರಮೇಯಗಳಿಂದ ಸಿದ್ಧವಾಯಿತು. ಉದ್ದಗಳು ಕಿಂಚಿತ್ತೂ ಕೆಡುವುದಿಲ್ಲ. ಉಪಾಯವಿಷ್ಟೆ: ಮೊದಲು ಗೋಳವನ್ನು ಕುಗ್ಗಿಸುವುದು, ಕಳೆದುಹೋದ ಉದ್ದವನ್ನು ಅಲೆಯ ಮೇಲೆ ಅಲೆ, ಅದರ ಮೇಲೆ ಇನ್ನೂ ಕಿರಿಯ ಅಲೆ ಎಂದು ಕೊನೆಯಿಲ್ಲದೆ ನಿರಿಗೆ ಹೂಡಿ ತುಂಬಿಕೊಡುವುದು. ಅಂಥ ಮೇಲ್ಮೈಗೆ ಎರಡನೆಯ ನಿಷ್ಪನ್ನ ಎಲ್ಲೆಡೆಯೂ ದೊರೆಯದು. ಅದಿಲ್ಲದೆಡೆ ವಕ್ರತೆಯ ರೂಢಿಯ ಲೆಕ್ಕ ನಡೆಯದು. ಗೌಸರ ಕಾವಲೂ ಅಲ್ಲಿಲ್ಲ. ಎದುರುಬದುರು ಅಂಚುಗಳನ್ನು ಜೋಡಿಸಿದ ಚೌಕವೊಂದು ಹಿಗ್ಗದೆ ಉದ್ದಿನವಡೆಯ ಆಕಾರ ತಾಳುವುದನ್ನು 2012ರಲ್ಲಿ ಫ್ರಾನ್ಸಿನ ಗಣಿತಜ್ಞರು ಗಣಕಯಂತ್ರದಿಂದ ಚಿತ್ರಿಸಿದರು. ನಿರಿಗೆಯೊಳಗೆ ನಿರಿಗೆ!

ಆದ್ದರಿಂದ ಪ್ರಮೇಯಕ್ಕಿಂತ ಮೊದಲು ನಿಬಂಧನೆಯನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕೆಂದು ನಮ್ಮ ಸೂಚನೆ. ತಗ್ಗುಬಿದ್ದ ಚೆಂಡೊಂದು ಮೇಜಿನ ಮೇಲಿರಲಿ. ಒಂದು ನಿಷ್ಪನ್ನದ ನುಣುಪಿಗೂ ಎರಡು ನಿಷ್ಪನ್ನಗಳ ನುಣುಪಿಗೂ ನಡುವೆ ದೃಢತೆ ಯಾವ ಗಡಿಯಲ್ಲಿ ತಪ್ಪುವುದೆಂಬುದು ಇಂದಿಗೂ ನಿಖರವಾಗಿ ನಿರ್ಧಾರವಾಗಿಲ್ಲ. ಅದನ್ನೂ ವಿದ್ಯಾರ್ಥಿಗಳಿಗೆ ಮುಚ್ಚಿಡದೆ ಹೇಳಬೇಕು.