ನಿತ್ಯದರವೆಂಬ ಮಿಥ್ಯೆ

ಪೆಟ್ರೋಲಿನ ಬೆಲೆಯನ್ನು ಇನ್ನು ಮಾರುಕಟ್ಟೆಯೇ ನಿರ್ಧರಿಸುವುದೆಂದು ಕೇಂದ್ರ ಸರ್ಕಾರ 2010ರ ಜೂನ್‌ನಲ್ಲಿ ಸಾರಿತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ಲಿಗೂ ಅದೇ ನೀತಿ ಅನ್ವಯವಾಯಿತು. 2017ರ ಜೂನ್ 16ರಿಂದ ದೇಶದಾದ್ಯಂತ ಪ್ರತಿದಿನವೂ ದರ ಪರಿಷ್ಕರಣೆ ಆರಂಭವಾಯಿತು. ಕಚ್ಚಾತೈಲದ ಬೆಲೆ ಏರಿದರೆ ಬಂಕಿನಲ್ಲೂ ಏರುತ್ತದೆ, ಇಳಿದರೆ ಇಳಿಯುತ್ತದೆ ಎಂಬುದು ಆಗ ನೀಡಲಾದ ಸಮರ್ಥನೆ. ಈ ಮಾತಿನಲ್ಲಿ ಸತ್ಯವೆಷ್ಟು?

2018ರ ಏಪ್ರಿಲ್ 24ರಿಂದ ಮೇ 13ರವರೆಗೆ ದರ ಒಂದು ಪೈಸೆಯಷ್ಟೂ ಅಲುಗಲಿಲ್ಲ. ಕರ್ನಾಟಕ ವಿಧಾನಸಭೆಗೆ ಮತದಾನ ನಡೆದದ್ದು ಮೇ 12ರಂದು. ಮೇ 14ರ ಬೆಳಿಗ್ಗೆ ಏರಿಕೆ ಮರುಕಳಿಸಿತು. 2021ರ ನವೆಂಬರ್‌ನಿಂದ ಪುನಃ 137 ದಿನಗಳ ಮೌನ. ಐದು ರಾಜ್ಯಗಳ ಚುನಾವಣೆ ಮುಗಿದ ಬಳಿಕ, 2022ರ ಮಾರ್ಚ್ 22ರಿಂದ ಹದಿನಾರು ದಿನಗಳಲ್ಲಿ ಹದಿನಾಲ್ಕು ಬಾರಿ ಏರಿಕೆ. ಲೀಟರಿಗೆ ಒಟ್ಟು 10 ರೂಪಾಯಿ.

ಇಳಿಕೆಯ ಕಥೆ ಇನ್ನೂ ವಿಚಿತ್ರ. 2020ರಲ್ಲಿ ಕಚ್ಚಾತೈಲದ ಬೆಲೆ ಪಾತಾಳಕ್ಕಿಳಿದಾಗ ಕೇಂದ್ರವು ಪೆಟ್ರೋಲಿನ ಅಬಕಾರಿ ಸುಂಕವನ್ನು ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ ಮತ್ತೆ 10 ರೂಪಾಯಿ ಏರಿಸಿ ಆ ಇಳಿಕೆಯನ್ನು ದಾರಿಯಲ್ಲೇ ತಡೆದು ಬೊಕ್ಕಸಕ್ಕೆ ತಿರುಗಿಸಿತು. 2025ರ ಏಪ್ರಿಲ್‌ನಲ್ಲಿ 2 ರೂಪಾಯಿ ಸುಂಕ ಏರಿಸಿ, ಚಿಲ್ಲರೆ ದರ ಹೆಚ್ಚುವುದಿಲ್ಲವೆಂದು ಸಮಾಧಾನ ಹೇಳಲಾಯಿತು. ಇಳಿಯಬೇಕಿದ್ದ ದರ ಇಳಿಯಲಿಲ್ಲವೆಂಬ ಸಂಗತಿ ಆ ಸಮಾಧಾನದಲ್ಲಿ ಸೇರಿರಲಿಲ್ಲ! ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ. ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಹನ್ನೊಂದೇ ದಿನಕ್ಕೆ, 2024ರ ಜೂನ್ 15ರಂದು, ಪೆಟ್ರೋಲಿನ ಮಾರಾಟ ತೆರಿಗೆ ಶೇ. 25.92ರಿಂದ ಶೇ. 29.84ಕ್ಕೆ ಜಿಗಿಯಿತು.

ದರ ಬದಲಾಗುವ ಬಗೆ ಇದಾದರೆ, ಊರಿಂದೂರಿಗೆ ಅದು ವ್ಯತ್ಯಾಸವಾಗುವ ಬಗೆ ಮಲೆನಾಡಿಗೆ ಹೆಚ್ಚು ಸಂಬಂಧಿಸಿದ್ದು. ಮಂಗಳೂರಿನ ಶುದ್ಧೀಕರಣ ಘಟಕದ ತೈಲ 2003ರಿಂದ ನೆರಿಯ, ಹಾಸನಗಳ ಮೂಲಕ ಬೆಂಗಳೂರಿನ ಅಂಚಿನ ದೇವನಗೊಂತಿಗೆ ಕೊಳವೆಯಲ್ಲಿ ಹರಿಯುತ್ತಿದೆ. ಘಟ್ಟದ ಒಡಲನ್ನು ಸೀಳಿದ ಕೊಳವೆ ಅದು. ಆದರೆ ಘಟ್ಟದ ಬಂಕಿಗೆ ತೈಲ ಬರುವುದು ಡಿಪೋದಿಂದ ಟ್ಯಾಂಕರಿನಲ್ಲಿ, ತಿರುವುಗಳನ್ನು ಹತ್ತಿ. ಆ ಸಾಗಣೆ ವೆಚ್ಚ ದರಕ್ಕೆ ಸೇರುತ್ತದೆ. ಹಾಗೆ ಸೇರಿದ ದರದ ಮೇಲೆ ರಾಜ್ಯದ ಶೇಕಡಾವಾರು ತೆರಿಗೆ ಕೂರುತ್ತದೆ. ಅಂದರೆ ದೂರಕ್ಕೂ ತೆರಿಗೆ. ಮಂಗಳೂರಿಗಿಂತ ಚಿಕ್ಕಮಗಳೂರಿನಲ್ಲಿ ಪೆಟ್ರೋಲು ಸಾಮಾನ್ಯವಾಗಿ ತುಟ್ಟಿಯಾಗಿರುವುದರ ಹಿಂದೆ ಈ ಲೆಕ್ಕವೂ ಇದೆ.

ಪೆಟ್ರೋಲು ದುಬಾರಿಯಾದಷ್ಟೂ ಬಳಕೆ ತಗ್ಗುತ್ತದೆ, ಆದ್ದರಿಂದ ಏರಿಕೆ ಸ್ವಾಗತಾರ್ಹ ಎನ್ನುವ ಪರಿಸರವಾದಿಗಳಿದ್ದಾರೆ. ಬದಲಿ ವ್ಯವಸ್ಥೆಯಿರುವ ನಗರದಲ್ಲಿ ಕೂತು ಆಡುವ ಮಾತಿದು. ಮೆಟ್ರೊ ಹತ್ತಬಲ್ಲವನು ಕಾರನ್ನು ಮನೆಯಲ್ಲಿ ಬಿಟ್ಟಾನು. ಆಸ್ಪತ್ರೆಗೂ ಸಂತೆಗೂ ಪಡಿತರಕ್ಕೂ ಹತ್ತಾರು ಕಿಲೋಮೀಟರ್ ಸಾಗಬೇಕಾದ, ಬಸ್ಸೇ ಬಾರದ ಹಳ್ಳಿಯವನು ಬೈಕನ್ನು ಬಿಟ್ಟು ಏನನ್ನು ಹತ್ತಬೇಕು? 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟದ್ದು ನಿಜ. ಬಸ್ಸಿಲ್ಲದ ಊರಿನಲ್ಲಿ ಉಚಿತವೆಂಬುದಕ್ಕೆ ಅರ್ಥವಿಲ್ಲ. ಅಲ್ಲಿ ಬೆಲೆ ಏರಿಕೆಯಿಂದ ಕಡಿಮೆಯಾಗುವುದು ಹೊಗೆಯಲ್ಲ, ಮನೆಯ ಇತರ ಖರ್ಚು.

ಹೀಗೆ ಸಂಗ್ರಹವಾದ ಹಣವಾದರೂ ಎಲ್ಲಿಗೆ ಹೋಗುತ್ತದೆ? 2021ರ ಕೇಂದ್ರ ಬಜೆಟ್ಟಿನ ನಂತರ ಪೆಟ್ರೋಲಿನ ಮೂಲ ಅಬಕಾರಿ ಸುಂಕ ಲೀಟರಿಗೆ 1.40 ರೂಪಾಯಿಗೆ ಇಳಿಯಿತು. ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದದ್ದು ಅದನ್ನು ಮಾತ್ರ. ಉಳಿದ ಬಹುಪಾಲು ವಿಶೇಷ ಸುಂಕ ಮತ್ತು ಸೆಸ್‌ಗಳ ಹೆಸರಿನಲ್ಲಿ ಕೇಂದ್ರದಲ್ಲೇ ನಿಲ್ಲುತ್ತದೆ. ಸೆಸ್‌ನ ಹೆಸರೇ ರಸ್ತೆ ಮತ್ತು ಮೂಲಸೌಕರ್ಯ ಸೆಸ್. ಪೆಟ್ರೋಲು ಸುಟ್ಟು ಕಟ್ಟಿದ ತೆರಿಗೆಯಿಂದ ಇನ್ನಷ್ಟು ಪೆಟ್ರೋಲು ಸುಡಲು ಅಗಲವಾದ ರಸ್ತೆ! ಹೆದ್ದಾರಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿದರೆ ಏನಾಗುವುದೆಂಬುದನ್ನು ಅಂಕೋಲಾ ತಾಲ್ಲೂಕಿನ ಶಿರೂರು 2024ರ ಜುಲೈ 16ರಂದು ತೋರಿಸಿತು. ಕುಸಿದ ಮಣ್ಣು ಹೆದ್ದಾರಿಯನ್ನೂ ಬದಿಯ ಅಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿ ನದಿಯತ್ತ ತಳ್ಳಿತು. ಹಲವರು ಜೀವ ತೆತ್ತರು.

ಆದಕಾರಣ ಪರಿಸರ ಸಂಘಟನೆಗಳು ‘ದರ ಇಳಿಸಿ’ ಎಂಬ ಮೆರವಣಿಗೆಯನ್ನಾಗಲಿ, ‘ಏರಲಿ ಬಿಡಿ’ ಎಂಬ ಉದಾಸೀನವನ್ನಾಗಲಿ ಸೇರಬೇಕಾಗಿಲ್ಲ. ಕೇಂದ್ರ ತನ್ನ ಸುಂಕವನ್ನು ಲೀಟರಿಗೆ ಇಂತಿಷ್ಟು ರೂಪಾಯಿ ಎಂದೇ ವಿಧಿಸುತ್ತದೆ. ರಾಜ್ಯವೂ ಶೇಕಡಾವಾರು ತೆರಿಗೆ ಕೈಬಿಟ್ಟು ಹಾಗೆಯೇ ವಿಧಿಸಲಿ. ಸಾಗಣೆಯ ಮೇಲಿನ ತೆರಿಗೆ ತಾನಾಗಿ ನಿಲ್ಲುತ್ತದೆ. ಮಲೆನಾಡಿನ ಬಂಕುಗಳಲ್ಲಿ ಸಂಗ್ರಹವಾಗುವ ತೆರಿಗೆಯ ಒಂದು ನಿಶ್ಚಿತ ಪಾಲು ಘಟ್ಟದ ಹಳ್ಳಿಗಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಓಡಿಸಲು ಮೀಸಲಾಗಲಿ. ಮುಂದಿನ ರಾಜ್ಯ ಬಜೆಟ್ಟಿಗೆ ಮುನ್ನ ಮಲೆನಾಡಿನ ಶಾಸಕರ ಮುಂದೆ ಇಡಬೇಕಾದ ಬೇಡಿಕೆ ಇದು.