ಕೀಬೋರ್ಡ್ ಇಲ್ಲ, ಎಫ್1 ಒತ್ತಿ

2024ರ ಜುಲೈ 19ರಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಒಟ್ಟಿಗೇ ಕೈಕೊಟ್ಟವು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟ್ ಅದಕ್ಕೆ ಕಾರಣ. ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕುಗಳ ಪರದೆಗಳು ನೀಲಿಯಾದವು. ಆ ದಿನ ನಮ್ಮ ಫೋನುಗಳಿಗೆ ಬಂದು ಬಿದ್ದ ಚಿತ್ರಗಳಲ್ಲಿ ಎರಡನ್ನು ನೆನಪಿಸಿಕೊಳ್ಳಿ. ಒಂದರಲ್ಲಿ ಅಮೆರಿಕದ ಲಾಸ್ ವೇಗಸ್‌ನ 'ಸ್ಫಿಯರ್' ಎಂಬ ದೈತ್ಯ ಗೋಳ ಮೈಯೆಲ್ಲ ನೀಲಿಯಾಗಿ, ವಿಂಡೋಸಿನ ಆ ಅಳುಮುಖವನ್ನು ಊರಿಗೆಲ್ಲ ತೋರಿಸುತ್ತ ನಿಂತಿತ್ತು. ಇನ್ನೊಂದು, ನಮ್ಮದೇ ದೇಶದ ವಿಮಾನಯಾನ ಕಂಪನಿಯೊಂದರ ಬೋರ್ಡಿಂಗ್ ಪಾಸ್. ಪ್ರಯಾಣಿಕರ ಹೆಸರು, ಸೀಟು, ಸಮಯ ಎಲ್ಲ ಪೆನ್ನಿನಲ್ಲಿ ಬರೆದದ್ದು, ಥೇಟ್ ಹಳ್ಳಿ ಅಂಗಡಿಯ ಚೀಟಿಯ ಹಾಗೆ. ಮೊದಲನೆಯದು ಸುಳ್ಳು. ಎರಡನೆಯದು ಅಪ್ಪಟ ನಿಜ.

ಎರಡಕ್ಕೂ ಸಿಕ್ಕ ಮರ್ಯಾದೆ ಮಾತ್ರ ಒಂದೇ. ಕೆಲವರು ನಕ್ಕು ಮುಂದಕ್ಕೆ ಕಳಿಸಿದರು. ಉಳಿದವರು 'ಫೇಕ್' ಎಂಬ ಒಂದು ಪದ ಬರೆದು ಕೈತೊಳೆದುಕೊಂಡರು. ನನ್ನ ತಕರಾರು ಇಬ್ಬರ ಮೇಲೂ ಇದೆ, ಆದರೆ ಎರಡನೆಯವರ ಮೇಲೆ ಹೆಚ್ಚು. ನಕ್ಕು ಕಳಿಸಿದವನು ಕನಿಷ್ಠ ತಾನು ಯೋಚಿಸಿದ್ದೇನೆ ಎಂದು ಹೇಳಿಕೊಳ್ಳುವುದಿಲ್ಲ. 'ಫೇಕ್' ಎಂದವನು ಯೋಚಿಸಿದವನ ವೇಷ ಹಾಕಿರುತ್ತಾನೆ. ಅವನೂ ಚಿತ್ರವನ್ನು ನೋಡಿರುವುದಿಲ್ಲ. ನಂಬಿ ಮೋಸಹೋಗುವ ಭಯವೊಂದು ಅವನಿಗಿದೆ. ನಂಬದೆಯೂ ಮೋಸಹೋಗಬಹುದು ಎಂಬುದು ಹೊಳೆದೇ ಇಲ್ಲ.

ಅವನ ವಾದವನ್ನು ಬಿಡಿಸಿ ನೋಡಿದರೆ ಇಷ್ಟೇ ಸಿಗುತ್ತದೆ: ಇದು ತೀರಾ ತಮಾಷೆಯಾಗಿದೆ, ಆದ್ದರಿಂದ ಯಾರೋ ಕೂತು ಮಾಡಿರಬೇಕು. ಕೇಳಲು ಸರಿಯೆನಿಸುವ ಈ ತರ್ಕ ಕಂಪ್ಯೂಟರಿನ ವಿಷಯದಲ್ಲಿ ಪೂರಾ ತಲೆಕೆಳಗು. ಹಳೆಯ ಕಂಪ್ಯೂಟರುಗಳ ಒಂದು ಪ್ರಸಿದ್ಧ ಸಂದೇಶವನ್ನೇ ತೆಗೆದುಕೊಳ್ಳಿ: ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ. ಇಲ್ಲದ ಕೀಬೋರ್ಡಿನಲ್ಲಿ ಎಫ್1 ಒತ್ತುವುದು ಹೇಗೆ? ಹಾಸ್ಯ ಲೇಖಕನೊಬ್ಬ ಇದನ್ನು ಬರೆದು ತಂದರೆ 'ಸ್ವಲ್ಪ ಅತಿಯಾಯಿತು' ಎಂದು ಸಂಪಾದಕರು ವಾಪಸು ಕಳಿಸಿಯಾರು. ಆದರೆ ಅದು ನಿಜವಾದ ಸಂದೇಶ, ಮತ್ತು ಹಾಗಿರುವುದಕ್ಕೆ ಕಾರಣವೂ ಇದೆ. ಕಂಪ್ಯೂಟರ್ ಆನ್ ಆದ ಕೂಡಲೇ, ವಿಂಡೋಸ್ ಬರುವುದಕ್ಕೂ ಮೊದಲು, ಬಯೋಸ್ ಎಂಬ ಪುಟ್ಟ ಪ್ರೋಗ್ರಾಮು ಶಾಲೆಯ ಮೇಷ್ಟ್ರಂತೆ ಹಾಜರಿ ಕರೆಯುತ್ತದೆ: ಮೆಮೊರಿ ಇದೆಯೇ, ಡಿಸ್ಕ್ ಇದೆಯೇ, ಕೀಬೋರ್ಡ್ ಇದೆಯೇ. ಯಾವುದಾದರೂ ಗೈರುಹಾಜರಾದರೆ ಅದರ ಹೆಸರು ಹೇಳಿ ನಿಲ್ಲುತ್ತದೆ. 'ಮುಂದುವರಿಯಲು ಎಫ್1 ಒತ್ತಿ' ಎನ್ನುವುದು ಎಲ್ಲ ದೋಷಗಳಿಗೂ ಸೇರಿಸಿದ ಒಂದೇ ಬಾಲ. ಕೀಬೋರ್ಡೇ ಇಲ್ಲದಾಗಲೂ ಆ ಬಾಲ ಬಂದು ಅಂಟಿಕೊಳ್ಳುತ್ತದೆ. (ಸಾಲದ್ದಕ್ಕೆ ಆ ಮಾತಿನಲ್ಲಿ ಒಂದಿಷ್ಟು ಅರ್ಥವೂ ಇದೆ. ಕೀಬೋರ್ಡ್ ಸಿಕ್ಕಿಸಿ, ಆಮೇಲೆ ಒತ್ತಿ, ಕೆಲಸ ಮಾಡುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.)

ಇದರ ಅಣ್ಣನಂತಹದು ಇನ್ನೊಂದಿದೆ: ಒಂದು ಪುಟ್ಟ ಪೆಟ್ಟಿಗೆ, ಮೇಲೆ 'ದೋಷ' ಎಂಬ ತಲೆಬರಹ, ಒಳಗೆ 'ಕಾರ್ಯ ಯಶಸ್ವಿಯಾಗಿ ಮುಗಿಯಿತು' ಎಂಬ ಒಕ್ಕಣೆ. ವಿಂಡೋಸಿನಲ್ಲಿ ಪ್ರತಿ ದೋಷಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಗೊಂದು ವಾಕ್ಯ ಇರುತ್ತದೆ. ಸೊನ್ನೆ ಎಂದರೆ ದೋಷವಿಲ್ಲ, ಅದರ ವಾಕ್ಯ ಇದು. ಎಲ್ಲೋ ಏನೋ ಕೆಟ್ಟಿತು, ಆದರೆ ದೋಷದ ಸಂಖ್ಯೆಯನ್ನು ಕೇಳುವ ಹೊತ್ತಿಗೆ ಅದು ಅಳಿಸಿ ಸೊನ್ನೆಯಾಗಿತ್ತು. ಪ್ರೋಗ್ರಾಮು ಸಿಕ್ಕಿದ್ದನ್ನು ಶ್ರದ್ಧೆಯಿಂದ ಓದಿ ಹೇಳಿತು. ಯಂತ್ರಕ್ಕೆ ತಾನು ನಗೆಪಾಟಲಾಗುತ್ತಿರುವುದು ತಿಳಿಯದು. ಮನುಷ್ಯನಾದರೆ ಅರ್ಧ ವಾಕ್ಯಕ್ಕೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

1998ರ ಏಪ್ರಿಲ್‌ನಲ್ಲಿ ಶಿಕಾಗೊದ ಪ್ರದರ್ಶನವೊಂದರಲ್ಲಿ ಬಿಲ್ ಗೇಟ್ಸ್ ಎದುರಿಗೇ, ವಿಂಡೋಸ್ 98ಕ್ಕೆ ಸ್ಕ್ಯಾನರ್ ಸಿಕ್ಕಿಸಿದ ಕ್ಷಣದಲ್ಲೇ ದೊಡ್ಡ ಪರದೆ ನೀಲಿಯಾಯಿತು. ಆ ಘಟನೆಯ ವಿಡಿಯೊ ಇದೆ. ಅದಿಲ್ಲದೆ ಬರೀ ಒಂದು ಫೋಟೊ ಉಳಿದಿದ್ದರೆ ನಮ್ಮ 'ಫೇಕ್' ಪಂಡಿತರು ಅದಕ್ಕೆ ಒಂದು ನಿಮಿಷವನ್ನೂ ಕೊಡುತ್ತಿರಲಿಲ್ಲ.

ಹಾಗಾದರೆ ನೋಡುವುದು ಹೇಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಲ್ಲಿ ಬಹಳ ಜನ ಮೊದಲರ್ಧವನ್ನಷ್ಟೇ ಅನುಮಾನಕ್ಕೆ ಬಳಸಿಕೊಂಡು, ಪ್ರಮಾಣಿಸುವ ಕೆಲಸವನ್ನು ಬಿಟ್ಟುಬಿಡುತ್ತಾರೆ. ಸ್ಫಿಯರ್ ಚಿತ್ರಕ್ಕೆ ವಾಪಸು ಬನ್ನಿ. ಆ ಗೋಳದ ಹೊರಮೈಗೆ ಸುಮಾರು 12 ಲಕ್ಷ ಎಲ್‌ಇಡಿ ಬಿಲ್ಲೆಗಳಿವೆ. ಅಷ್ಟು ದೊಡ್ಡ ಮೈಯನ್ನು ಒಂದು ಕಂಪ್ಯೂಟರ್ ಒಬ್ಬಂಟಿಯಾಗಿ ನಡೆಸುವುದಿಲ್ಲ. ಹಲವು ಯಂತ್ರಗಳು ಹಂಚಿಕೊಂಡಿರುತ್ತವೆ. ಒಂದು ಕೆಟ್ಟರೆ ಒಂದು ತುಂಡು ಕೆಡಬೇಕು. ಎಲ್ಲವೂ ಕೆಟ್ಟರೆ ತುಂಡು ತುಂಡಾಗಿ ಹಲವು ಅಳುಮುಖಗಳು ಕಾಣಬೇಕು. ಬದಲಿಗೆ ಒಂದೇ ಒಂದು ಅಳುಮುಖ, ಗೋಳದ ದುಂಡಿಗೆ ಹೊಂದಿಕೊಂಡು, ಕ್ಯಾಮೆರಾ ಇರುವ ಕಡೆಗೇ ತಿರುಗಿ ಕೂತಿದೆ. ಕೆಟ್ಟುಹೋದ ಯಂತ್ರಕ್ಕೆ ಇಷ್ಟು ಒಪ್ಪ ಓರಣ ಎಲ್ಲಿಂದ ಬರಬೇಕು?

ಈಗ 2008ರ ಆಗಸ್ಟ್ 8ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ. ಜಿಮ್ನಾಸ್ಟ್ ಲಿ ನಿಂಗ್ ತಂತಿಗೆ ತೂಗಿಕೊಂಡು, ಪಂಜು ಹಿಡಿದು, 'ಹಕ್ಕಿಗೂಡು' ಕ್ರೀಡಾಂಗಣದ ಚಾವಣಿಯಂಚಿನಲ್ಲಿ ಗಾಳಿಯಲ್ಲೇ ಓಡುತ್ತಿದ್ದಾರೆ. ಆ ಅಂಚಿನ ಮೇಲೆ ಪ್ರೊಜೆಕ್ಟರುಗಳು ಚಿತ್ರ ಚೆಲ್ಲುತ್ತಿವೆ. ಅಲ್ಲೇ ಒಂದು ಕಡೆ ವಿಂಡೋಸಿನ ನೀಲಿ ಪರದೆ. ಸುದ್ದಿ ಕೇಳಿದರೆ ಸ್ಫಿಯರ್‌ಗಿಂತ ನಂಬಲಾಗದ್ದು. ಚಿತ್ರ ನೋಡಿದರೆ ಬೇರೆ. ನೀಲಿ ಇರುವುದು ಚಾವಣಿಯ ಒಂದು ಭಾಗದಲ್ಲಿ ಮಾತ್ರ, ನೆಟ್ಟಗೂ ಇಲ್ಲ, ನಡುವಿನಲ್ಲೂ ಇಲ್ಲ. ಒಂದು ಪ್ರೊಜೆಕ್ಟರಿನ ಹಿಂದಿನ ಒಂದು ಯಂತ್ರ ಬಿದ್ದರೆ ಹೇಗೆ ಕಾಣಬೇಕೋ ಹಾಗೇ ಇದೆ. ಮೇಲಾಗಿ ಸಾವಿರಾರು ಜನ ಕೂತಿದ್ದ ಜಾಗ ಅದು. ಬೇರೆ ಬೇರೆ ಕೋನಗಳಿಂದ ತೆಗೆದ ಚಿತ್ರಗಳು ಹೊರಬಂದವು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿದ್ಯೆ ಹೊಸದಲ್ಲ. ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಪಠ್ಯವೆಂದಾದರೂ ತಿರುವಿಹಾಕಿದವರಿಗೆ ಪಾಠಾಂತರ, ಪ್ರಕ್ಷಿಪ್ತ ಎಂಬ ಮಾತುಗಳು ಗೊತ್ತು. ಎರಡು ಓಲೆಪ್ರತಿಗಳು ಎರಡು ಪಾಠ ಕೊಟ್ಟಾಗ, ಓದಲು ಸಲೀಸಾದದ್ದನ್ನು ಸಂಪಾದಕ ತಟ್ಟನೆ ನಂಬುವುದಿಲ್ಲ. ಲಿಪಿಕಾರನಿಗೆ ಕಠಿಣವನ್ನು ಸುಲಭ ಮಾಡುವ ಚಾಳಿ. ಸುಲಭವನ್ನು ಕಠಿಣ ಮಾಡುವುದು ಅಪರೂಪ. ಫೋಟೊ ತಿದ್ದುವವನಿಗೂ ಅದೇ ಚಾಳಿ. ಅವನು ಜೋಕನ್ನು ನಡುವಿಗೆ ತರುತ್ತಾನೆ, ಅಕ್ಷರಗಳನ್ನು ಓದುವಂತೆ ಮಾಡುತ್ತಾನೆ, ಪರದೆಯ ಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಅಳಿಸುತ್ತಾನೆ. ನಿಜವಾದ ಚಿತ್ರದಲ್ಲಿ ಅರ್ಧ ಸಾಲು ಕತ್ತರಿಸಿಹೋಗಿರುತ್ತದೆ, ಗಾಜಿನಲ್ಲಿ ತೆಗೆದವನದೇ ಭುಜ ಕಾಣುತ್ತದೆ. ಇದನ್ನು ಪಾಲಿಸಿದರೆ ಎಲ್ಲ ಬಗೆಹರಿಯುತ್ತದೆ ಎಂದಲ್ಲ. ಜಾಣ ಕೃತಕ ಬುದ್ಧಿಮತ್ತೆ ಭುಜವನ್ನೂ ಬರೆದುಕೊಟ್ಟೀತು.

ಅದಕ್ಕೇ, ಸುಳ್ಳು ಯಾವ ಪದರದಲ್ಲಿದೆ ಎಂದು ಕೇಳಬೇಕಾಗುತ್ತದೆ. ಫೋಟೊ ಸುಳ್ಳಾಗಿರಬಹುದು. ಫೋಟೊ ನಿಜವಾಗಿ ಪರದೆ ಸುಳ್ಳಾಗಿರಬಹುದು: ಮಾರ್ಕ್ ರುಸಿನೊವಿಚ್ ಎಂಬ ತಂತ್ರಜ್ಞ ಬರೆದ, ನೀಲಿ ಪರದೆಯನ್ನು ನಟಿಸುವ ಸ್ಕ್ರೀನ್‌ಸೇವರ್ ಒಂದಿದೆ, ಅದನ್ನು ಹಂಚುವುದು ಸ್ವತಃ ಮೈಕ್ರೋಸಾಫ್ಟ್! ಅಥವಾ ಎರಡೂ ನಿಜವಾಗಿ ಅಡಿಬರಹ ಸುಳ್ಳಾಗಿರಬಹುದು. ಈ ಮೂರನೆಯದೇ ಎಲ್ಲಕ್ಕಿಂತ ಅಗ್ಗ. ಹಳೆಯ ಚಿತ್ರ, ಹೊಸ ದಿನಾಂಕ, ಮುಗಿಯಿತು. ಇಲ್ಲಿ ಪರದೆಯೇ ಸಾಕ್ಷಿ ಹೇಳುತ್ತದೆ. ಅಳುಮುಖ ಬಂದದ್ದು 2012ರ ವಿಂಡೋಸ್ 8ರಲ್ಲಿ, ಅದರ ಪಕ್ಕಕ್ಕೆ ಕ್ಯೂಆರ್ ಕೋಡ್ ಬಂದದ್ದು 2016ರಲ್ಲಿ. '2009ರ ಚಿತ್ರ' ಎಂಬ ಅಡಿಬರಹದ ಮೇಲೆ ಕ್ಯೂಆರ್ ಕೋಡ್ ಕಂಡರೆ ಮಾತು ಮುಗಿಯಿತು. ತಿರುಗಾಮುರುಗಾ ಮಾಡಿ ವಾದಿಸಬೇಡಿ ಮಾತ್ರ: ಇವತ್ತಿನ ಫೋಟೊದಲ್ಲಿ ವಿಂಡೋಸ್ ಎಕ್ಸ್‌ಪಿ ಕಂಡರೆ ಅದು ಸುಳ್ಳೆಂದು ಅರ್ಥವಲ್ಲ. ಇಪ್ಪತ್ತು ವರ್ಷ ಹಳೆಯ ತಂತ್ರಾಂಶವನ್ನೇ ಉರುಳಿಸಿಕೊಂಡು ಹೋಗುವ ಯಂತ್ರಗಳು ನಮ್ಮ ನಡುವೆ ಬೇಕಾದಷ್ಟಿವೆ.

ಒಂದು ಜೋಕಿಗೆ ಇಷ್ಟೆಲ್ಲ ಪುರಾಣವೇ ಎಂದು ನೀವು ಕೇಳಬಹುದು. ಕಂಪ್ಯೂಟರ್ ಕೆಟ್ಟ ಚಿತ್ರ ಬರೀ ಜೋಕಲ್ಲ ಎಂಬುದೇ ನನ್ನ ಉತ್ತರ. ಈ ಯಂತ್ರಗಳು ನಮ್ಮ ದುಡ್ಡು ಎಣಿಸುತ್ತವೆ, ರೇಷನ್ ಕೊಡುತ್ತವೆ ಅಥವಾ ನಿರಾಕರಿಸುತ್ತವೆ, ಅಂಕ ಕೂಡಿಸುತ್ತವೆ. ಉಳಿದ ಹೊತ್ತಿನಲ್ಲಿ ಅವುಗಳ ಒಳಗು ನಮಗೆ ಮುಚ್ಚಿದ ಬಾಗಿಲು. ಕೆಟ್ಟಾಗ ಒಂದು ಗಳಿಗೆ ಬಾಗಿಲು ತೆರೆಯುತ್ತದೆ, ಕೌಂಟರಿನ ಈಚೆ ನಿಂತವನು ಫೋಟೊ ತೆಗೆಯುತ್ತಾನೆ. ಅವನ ಕೈಯಲ್ಲಿರುವುದು ಅದೊಂದೇ ಸಾಕ್ಷಿ. ಸ್ಫಿಯರ್‌ನಂತಹ ಸುಳ್ಳನ್ನು 'ತಮಾಷೆಗೆ ತಾನೇ' ಎಂದು ಹಂಚುವವರು ಆ ಸಾಕ್ಷಿಯ ಬೆಲೆ ಇಳಿಸುತ್ತಾರೆ. ನೋಡದೆ 'ಫೇಕ್' ಎನ್ನುವವರು ಅದನ್ನು ಕಸಕ್ಕೆ ಹಾಕುತ್ತಾರೆ. ಇಬ್ಬರಿಂದಲೂ ಲಾಭ ಯಂತ್ರದ ಮಾಲೀಕನಿಗೆ.

ಇದು ಅತಿಶಯೋಕ್ತಿ ಅನ್ನಿಸಿದರೆ ಇಂಗ್ಲೆಂಡನ್ನು ನೋಡಿ. ಕಂಪ್ಯೂಟರಿನ ಸಾಕ್ಷ್ಯ ಒಪ್ಪಬೇಕಾದರೆ ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕು ಎಂಬ ನಿಯಮವನ್ನು ಆ ದೇಶ 1999ರ ಕಾಯ್ದೆಯೊಂದರಿಂದ ಕೈಬಿಟ್ಟಿತು. ಅದೇ ವರ್ಷ ಅಲ್ಲಿನ ಅಂಚೆ ಕಚೇರಿಗಳಿಗೆ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶ ಬರತೊಡಗಿತು. ಅದು ತೋರಿಸಿದ ಖೋತಾ ಲೆಕ್ಕಗಳ ಮೇಲೆ ಮುಂದಿನ ವರ್ಷಗಳಲ್ಲಿ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಹ್ಯಾಂಪ್‌ಶೈರಿನ ಹಳ್ಳಿಯೊಂದರಲ್ಲಿ ಅಂಗಡಿಯ ಜೊತೆ ಅಂಚೆ ಕಚೇರಿ ನಡೆಸುತ್ತಿದ್ದ ಹೆಂಗಸೊಬ್ಬರ ಪರದೆಯಲ್ಲಿ 2,000 ಪೌಂಡ್ ಕಡಿಮೆ ಬಂತು. ಸಹಾಯವಾಣಿಗೆ ಫೋನ್ ಮಾಡಿ, ಅವರು ಹೇಳಿದಂತೆಯೇ ಕೀಲಿಗಳನ್ನು ಒತ್ತಿದರು. ಅವರ ಕಣ್ಣೆದುರೇ ಖೋತಾ 4,000 ಆಯಿತು. ಇದನ್ನೂ ಯಾರಾದರೂ ಜೋಕಾಗಿ ಬರೆಯಬಹುದಿತ್ತು. ಕೊನೆಗೆ ಅವರ ಮೇಲೆ 36,000 ಪೌಂಡಿನ ಆರೋಪ ಬಂದು, ಸುಳ್ಳು ಲೆಕ್ಕ ಬರೆದೆನೆಂದು ಅವರು ತಪ್ಪೊಪ್ಪಿಕೊಳ್ಳಬೇಕಾಯಿತು. ಆ ತೀರ್ಪು ರದ್ದಾದದ್ದು 2021ರಲ್ಲಿ. ಅಷ್ಟು ವರ್ಷ, ಪರದೆ ತಪ್ಪು ತೋರಿಸುತ್ತಿದೆ ಎಂದು ಬೇರೆ ಬೇರೆ ಊರುಗಳಿಂದ ಫೋನ್ ಮಾಡಿದವರಲ್ಲಿ ಅನೇಕರಿಗೆ ಸಿಕ್ಕ ಉತ್ತರ ಒಂದೇ ಆಗಿತ್ತು: ಈ ತೊಂದರೆ ಬೇರೆ ಯಾರಿಗೂ ಇಲ್ಲ, ನಿಮಗೊಬ್ಬರಿಗೇ.