ವನಭೋಜನದ ಪಾತ್ರೆಗೆ ಕಾಡಣಬೆ ಬೇಡ



ಈ ಸಲದ ಮೇ ತಿಂಗಳ ವನಭೋಜನದಂದು ಎಲ್ಲರೂ ಕಾಡಿನಲ್ಲಿ ಮೊರೆಲ್ ಅಣಬೆ ಹೆಕ್ಕಿ, ಅಲ್ಲೇ ಪಲ್ಯ ಮಾಡಿ ಬಡಿಸೋಣ ಎಂಬ ಸಲಹೆ ಬಂದಿದೆ. ಹೆಕ್ಕುವುದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಮಿಶಿಗನ್ನಿನ ಸರ್ಕಾರಿ ಕಾಡುಗಳಲ್ಲಿ ಮನೆಬಳಕೆಗೆ ಹೆಕ್ಕಲು ಅಡ್ಡಿಯಿಲ್ಲ, ಮಕ್ಕಳೂ ಒಂದು ದಿನ ಟೀವಿ ಬಿಟ್ಟು ಮಣ್ಣು ಮುಟ್ಟುತ್ತಾರೆ. ಬಡಿಸುವುದಕ್ಕೆ ಮಾತ್ರ ನನ್ನ ವಿರೋಧವಿದೆ.

"ನಾವೇನು ಅಣಬೆ ಕಾಣದವರೇ? ಮಲೆನಾಡಿನವರು ಸ್ವಾಮಿ!" ಎನ್ನುತ್ತಾರೆ. ನನಗೆ ಹೆಚ್ಚು ಭಯ ಈ ಮಾತಿನದೇ. ಊರಿನಲ್ಲಿ ಗುಡುಗು ಮಳೆಯ ನಂತರ ಹುತ್ತದ ಮೇಲೆ ಏಳುವ ಅಣಬೆಯನ್ನು ಸಾಕುವುದು ಗೆದ್ದಲು. ಆ ಜಾತಿ ಏಷ್ಯ, ಆಫ್ರಿಕಗಳದು. ಇಲ್ಲಿ ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆಗ್ನೇಯ ಏಷ್ಯದಿಂದ ಬಂದು ನೆಲೆಸಿದವರು ಡೆತ್ ಕ್ಯಾಪ್ ಎಂಬ ವಿಷದ ಅಣಬೆಯನ್ನು ತಮ್ಮೂರಿನ ಭತ್ತದ ಹುಲ್ಲಿನ ಅಣಬೆಯೆಂದೇ ತಿಳಿದು ತಿಂದದ್ದುಂಟು. ಅವರು ದಡ್ಡರಲ್ಲ, ನಮ್ಮ ಹಾಗೆಯೇ ಊರಿನ ರುಚಿಗೆ ಹಂಬಲಿಸಿದವರು. ಆ ವಿಷ ತಿಂದು ಆರೇಳು ಗಂಟೆಯಾದರೂ ಏನೂ ತಿಳಿಯುವುದಿಲ್ಲ. ಆಮೇಲೆ ವಾಂತಿ ಭೇದಿ. ಮತ್ತೆ ಗುಣವಾದಂತೆ ಕಾಣುತ್ತದೆ, ಒಳಗೆ ಯಕೃತ್ತು ಸಾಯುತ್ತಿರುತ್ತದೆ.

ಮೊರೆಲ್ ಗುರುತು ಸುಲಭ ಎನ್ನುವಿರಾ? ಒಪ್ಪಿದೆ. ತಲೆ ಜೇನುಗೂಡಿನಂತೆ, ಉದ್ದಕ್ಕೆ ಸೀಳಿದರೆ ತುದಿಯಿಂದ ಬುಡದವರೆಗೆ ಒಂದೇ ಟೊಳ್ಳು. ಆದರೆ ಅದೇ ವಸಂತದಲ್ಲಿ, ಅದೇ ಕಾಡಿನಲ್ಲಿ ಸುಳ್ಳು ಮೊರೆಲ್ ಕೂಡ ಏಳುತ್ತದೆ. ಅದರ ತಲೆಯಲ್ಲಿ ಮೆದುಳಿನಂತೆ ಮಡಿಕೆಗಳು, ಒಳಗೆ ಹತ್ತಿಯಂಥ ತಿರುಳು, ಸಣ್ಣ ಸಣ್ಣ ಕೋಣೆಗಳು. ಅದರ ವಿಷ ದೇಹದಲ್ಲಿ ರಾಕೆಟ್ ಇಂಧನಕ್ಕೆ ಬಳಸುವ ರಾಸಾಯನಿಕವಾಗಿ ಮಾರ್ಪಡುತ್ತದೆ. ಬೇಯಿಸುವಾಗ ಏಳುವ ಹಬೆಯೂ ಅಪಾಯ. ಮೂವತ್ತು ಮನೆಯ ಚೀಲಗಳನ್ನು ಒಂದೇ ಪಾತ್ರೆಗೆ ಸುರಿದಾಗ ಒಂದೊಂದನ್ನೂ ಸೀಳಿ ನೋಡುವವರು ಯಾರು? ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಜಿಂಕೆ ಕಚ್ಚಿದೆ ಎಂಬ ಪರೀಕ್ಷೆಗಳನ್ನು ದಯವಿಟ್ಟು ಮರೆತುಬಿಡಿ.

ಅಸಲಿ ಮೊರೆಲ್ಲೂ ಹಸಿಯಾದರೆ ವಿಷವೇ. 2023ರಲ್ಲಿ ಮೊಂಟಾನಾದ ಬೋಜ್‌ಮನ್‌ನ ಒಂದು ಹೋಟೆಲಿನಲ್ಲಿ ಊಟ ಮಾಡಿದ 51 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ತನಿಖೆಯಲ್ಲಿ ಬೆರಳು ತೋರಿದ್ದು ಹಸಿಯಾಗಿ, ಅರೆಬೆಂದು ಬಡಿಸಿದ ಮೊರೆಲ್‌ಗಳತ್ತ. ಅವು ಕಾಡಿನವೂ ಅಲ್ಲ, ಸಾಗುವಳಿ ಮಾಡಿದವು. ಪಾರ್ಕಿನ ಗ್ಯಾಸ್ ಒಲೆಯ ಮುಂದೆ, ಹಸಿದ ನೂರು ಜನರ ಸಾಲಿನೆದುರು, ಪಲ್ಯ ಪೂರ್ತಿ ಬೆಂದಿದೆ ಎಂದು ಯಾರು ಎದೆ ತಟ್ಟಿ ಹೇಳುತ್ತೀರಿ?

ಈ ರಾಜ್ಯದಲ್ಲಿ ಕಾಡಣಬೆ ಮಾರಬೇಕಾದರೆ ಬಲ್ಲವರ ಪ್ರಮಾಣಪತ್ರ ಬೇಕು. ನಾವು ಮಾರುವುದಿಲ್ಲ, ನಿಜ. ಊಟದ ಚೀಟಿಗೆ ಹಣವನ್ನಂತೂ ಪಡೆಯುತ್ತೇವೆ!

ಹೆಕ್ಕಿದ್ದನ್ನು ಅವರವರ ಮನೆಗೆ ಒಯ್ಯಲಿ, ಬಲ್ಲವರಿಗೆ ತೋರಿಸಿ, ಸೀಳಿ, ಚೆನ್ನಾಗಿ ಬೇಯಿಸಿ ತಿನ್ನಲಿ. ವನಭೋಜನಕ್ಕೆ ಹುರುಳಿಕಾಯಿ ಪಲ್ಯ ಸಾಕು. ಮುಂದಿನ ಸಭೆಯಲ್ಲಿ ಇದನ್ನು ಮತಕ್ಕೆ ಹಾಕಬೇಕೆಂದು ಸಮಿತಿಯನ್ನು ಕೋರುತ್ತೇನೆ. ಏನೇ ತೀರ್ಮಾನವಾಗಲಿ, ವಿಷ ಚಿಕಿತ್ಸಾ ಸಹಾಯವಾಣಿ 1-800-222-1222 ಎಂಬ ಸಂಖ್ಯೆಯನ್ನು ಆಮಂತ್ರಣ ಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ.